ಕಟ್ಟಿಗೆಯ ರಾಚಪ್ಪ

ಜಮಖಂಡಿ ಸಂಸ್ಥಾನದ ಹುನ್ನೂರಿನಲ್ಲಿ ಕುಂಬಾರ ರಾಚಪ್ಪನ ಕೈಗೆ ಸಿಕ್ಕ ಮಣ್ಣು ಬರೀ ಗಡಿಗೆಯಾಗಿ ಉಳಿಯುತ್ತಿರಲಿಲ್ಲ. ಕುದುರೆಗಿಂತ ದೊಡ್ಡ ಹೊಟ್ಟೆಯ ಫೌಜದಾರ, ತನ್ನ ಮೂಗಿನ ಮೇಲೆಯೇ ದಫ್ತರ ಇಟ್ಟು ಬರೆಯುವ ಕುಲಕರ್ಣಿ, ಹೀಗೆ ಸಕಲ ಗಣ್ಯರೂ ಗೊಂಬೆಗಳಾಗಿ, ಆವಿಗೆಯ ಬೆಂಕಿಯಲ್ಲಿ ಬೆಂದು ಅವನ ಮನೆಯ ಕಟ್ಟೆಯ ಮೇಲೆ ವಿರಾಜಮಾನರಾಗಿದ್ದರು. (ಖುದ್ದು ಫೌಜದಾರರು ಊರಿಗೆ ಬಂದ ದಿನ ಕಟ್ಟೆಗೆ ಕಂಬಳಿ ಮುಚ್ಚಿರುತ್ತಿತ್ತು.)

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಒಂದು ದಿನ ಹೆಂಡತಿ ಗುರುಬಸವ್ವನ ಗೊಂಬೆಯನ್ನೂ ಮಾಡಿದ. ಸೊಂಟದ ಮೇಲೆ ಎರಡೂ ಕೈ, ಮೊರದಷ್ಟು ಬಾಯಿ. ಗುರುಬಸವ್ವ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಹೊರಗೆ ನಡೆದಳು.

ಎಂಟು ದಿನಕ್ಕೆ ಬಡಿಗೇರ ಈರಪ್ಪ ಒಂದು ಕಟ್ಟಿಗೆಯ ಮೂರ್ತಿ ತಂದು ಆ ಗೊಂಬೆಯ ಪಕ್ಕದಲ್ಲಿ ಕೂರಿಸಿ ಹೋದ. ರಾಚಪ್ಪನದೇ ಮೀಸೆ, ರಾಚಪ್ಪನದೇ ರುಮಾಲು. ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ.

“ಇದೇನ ಬೇ? ನನ್ನ ಗೊರಕಿ ಊರಿಗೆಲ್ಲಾ ತೋರಸಾಕತ್ತೀಯೇನು?”

“ನಾನ ಹೇಳಿ ಮಾಡಿಸೇನಿ. ಛಲೋ ಆಗೇತಿ,” ಎಂದು ಗುರುಬಸವ್ವ ರೊಟ್ಟಿ ಬಡಿಯಲು ಕೂತಳು.

ಮರುದಿನ ಅವಳು ತೇರದಾಳಕ್ಕೆ ತಂಗಿಯ ಮನೆಗೆ ಹೋದದ್ದೇ ತಡ, ರಾಚಪ್ಪ ತನ್ನ ಪ್ರತಿರೂಪವನ್ನು ಉರಿಯುವ ಆವಿಗೆಗೆ ತುರುಕಿದ. ಒಣಗಿದ ಜಾಲಿಯ ಬೊಡ್ಡೆ, ಮೇಲೆ ಹೊಳಪಿಗೆ ಬಳಿದ ಎಣ್ಣೆ. ಉರಿ ಒಂದೇ ಕಡೆ ಭುಗಿಲೆದ್ದು, ಒಳಗಿದ್ದ ಗಡಿಗೆಗಳೆಲ್ಲ ಪಟಪಟನೆ ಸಿಡಿದವು. ಒಂದೂ ಉಳಿಯಲಿಲ್ಲ.

ಸಂಜೆ ಗುರುಬಸವ್ವ ಬಂದು ಖಾಲಿ ಜಾಗ ನೋಡಿದಳು.

“ಮೂರ್ತಿ ಎಲ್ಲೈತ್ರಿ?”

ರಾಚಪ್ಪ ಬೂದಿಯ ಕಡೆ ಕೈ ತೋರಿಸಿದ. ಅವಳು ಮೆಲ್ಲಗೆ ಕಟ್ಟೆಯ ಮೇಲೆ ಕೂತಳು.

“ಅದು ಗೊರಕಿ ಅಲ್ಲರೀ. ಗೊಂಬಿ ಮಾಡುಮುಂದ ಒಬ್ಬರ ಕುಂತು ಕಣ್ಣು ಮುಚ್ಚಿ ನಗತೀರಲ್ಲ, ಹಂಗ ಕೆತ್ತು ಅಂದಿದ್ದೆ. ಆ ಮಾರಿ ನನಗ ಭಾಳ ಸೇರತೈತಿ.”

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳಿಂದ ಇಂಥ ಮಾತು ಕೇಳಿದ್ದು ಇದೇ ಮೊದಲು. ರಾಚಪ್ಪನಿಗೆ ಸಿಡಿದ ಗಡಿಗೆಗಳ ದುಃಖ ಮರೆತೇಹೋಯಿತು.

“ತಪ್ಪಾತು ಬೇ. ಈಗೇನು ಮಾಡೂಣು?”

“ಇನ್ನೊಂದು ಮಾಡಸೂಣು. ಆದರ ಈ ಸಲ ನೀವ ಈರಪ್ಪನ ಎದುರಿಗೆ ಕುಂದರಬೇಕು.”

ಮೂರು ದಿನ ರಾಚಪ್ಪ ಹಾಡಹಗಲೇ ಕಟ್ಟೆಯ ಮೇಲೆ ಕಣ್ಣು ಮುಚ್ಚಿ, ಬಾಯಿ ತೆರೆದು ಕೂತ. ಓಣಿಗೆ ಓಣಿಯೇ ನೋಡಲು ಬಂತು. ಮೂರನೆಯ ದಿನ ಒಂದು ನೊಣ ಅವನ ತೆರೆದ ಬಾಯಿಯ ಸುತ್ತ ಪ್ರದಕ್ಷಿಣೆ ಹಾಕತೊಡಗಿದಾಗ, ಬಾಗಿಲಲ್ಲಿ ನಿಂತಿದ್ದ ಗುರುಬಸವ್ವ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ರಾಚಪ್ಪ ಎಂದೂ ಕೇಳಿರಲಿಲ್ಲ. ಆ ಮುಖವನ್ನು ಒಮ್ಮೆ ನೋಡಬೇಕೆಂದು ಜೀವ ಚಡಪಡಿಸಿತು.

“ಕಣ್ಣು ತೆರೀಬ್ಯಾಡ ರಾಚಣ್ಣಾ,” ಎಂದ ಈರಪ್ಪ, “ರೆಪ್ಪಿ ಕೆತ್ತಾಕತ್ತೇನಿ.”