ಕಡೆಯ ಎಂಟು ಹಾಳೆ

ಕುಬೇರಪ್ಪ ಮಾಸ್ತರರು ಆ ದಿನ ಬೆಳಿಗ್ಗೆ ಬಚ್ಚಲ ಒಲೆ ಹೊತ್ತಿಸಲು ಹರಿದದ್ದು ಬರೇ ಎಂಟು ಹಾಳೆ. ಸಗಣಿ ಕುಳ್ಳಿಗೆ ಬೆಂಕಿ ಹತ್ತಲೊಲ್ಲದು, ಚಿಮಣಿ ಎಣ್ಣೆ ತೀರಿತ್ತು, ಕೈಗೆ ಸಿಕ್ಕದ್ದು ಪಡಸಾಲೆಯ ಗೂಡಿನಲ್ಲಿ ಓಣಿಯ ಹೆಂಗಸರು ಓದಲೆಂದು ತಂದಿಟ್ಟಿದ್ದ ಒಂದು ಕಾದಂಬರಿ. ರಟ್ಟಿನ ಮೇಲೆ ಕೂದಲು ಬಿಟ್ಟುಕೊಂಡ ಹುಡುಗಿಯೊಬ್ಬಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಆ ಮೋರೆ ಕಂಡೇ ಮಾಸ್ತರರ ಮೈ ಉರಿಯಿತು. ಬಾಜೂಕ್ಕೆ ದಿನಪತ್ರಿಕೆಯೂ ಇತ್ತು, ಆದರೆ ಅದರಲ್ಲಿ ವಿಚಾರ ಇರುತ್ತದೆ. ಕಾದಂಬರಿಯ ಕಡೆಗೆ ಏನಿರುತ್ತದೆ ಮಣ್ಣು? ಕೊನೆಯ ಎಂಟು ಹಾಳೆ ಕಿತ್ತು, ಒಂದಕ್ಷರವನ್ನೂ ಓದದೆ ಒಲೆಗೆ ತುರುಕಿದರು. ಓದಿದ್ದರೆ ಮುಂದಿನ ಫಜೀತಿಯೇ ತಪ್ಪುತ್ತಿತ್ತು. ಏನು ಮಾಡುವುದು, ಇಂಥ ಪುಸ್ತಕಗಳನ್ನು ಓದದೆಯೇ ಬೈಯುವುದು ಸಂಶಿಯ ಶಾಲೆಯಲ್ಲಿ ಅವರು ಇಪ್ಪತ್ತೈದು ವರ್ಷದಿಂದ ನಡೆಸಿಕೊಂಡು ಬಂದ ವ್ರತ.

ಅವತ್ತು ಮನೆಯಲ್ಲಿ ಶಾವಿಗೆಯ ದಿನ. ಮಗಳು ಗುರವ್ವನ ಲಗ್ನ ಎಂಟು ದಿನಕ್ಕೆ ಬಂದಿತ್ತು. ಬೀಗರು ಕುಂದಗೋಳದವರು. ಬೀಗ ಈರಬಸಪ್ಪನ ಮೀಸೆಯಡಿ ನಗು ಕಂಡವರು ಊರಲ್ಲಿಲ್ಲ. ಬೀಗತಿ ಬಸವಣ್ಣೆವ್ವನಂತೂ ಲಗ್ನ ನಿಶ್ಚಯದ ಸಾಖರಪುಡೆಯ ದಿನ ತುದಿ ಹರಿದ ಒಂದು ವೀಳ್ಯದೆಲೆ ಕಂಡು ಇಡೀ ತಟ್ಟೆಯನ್ನೇ ತಿರುಗಿ ಕಳಿಸಿದವಳು. ಹೆಣ್ಣಿನ ಮನೆಯಿಂದ ಬರುವ ರುಖವತದ ಬುಟ್ಟಿಯಲ್ಲಿ ಶಾವಿಗೆ ಕೂದಲೆಳೆಯಂತೆ ಇರಬೇಕು, ಇಲ್ಲದಿದ್ದರೆ ಲಗ್ನದ ಅಕ್ಕಿಕಾಳು ಬೀಳುವುದಿಲ್ಲ ಅಂತ ಆಕೆ ಹೋಗುವಾಗ ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದಳು.

ಅದಕ್ಕೇ ಮಾಸ್ತರರ ಹೆಂಡತಿ ನೀಲಕ್ಕ ಲಗ್ನಕ್ಕೆಂದು ಇಟ್ಟಿದ್ದ ಗೋಧಿಯನ್ನೆಲ್ಲ ಬೀಸಿ, ಸೋಸಿ, ನಸುಕಿನಲ್ಲೇ ಕಣಕ ನಾದಿ ಇಟ್ಟಿದ್ದಳು. ಓಣಿಯ ಎಂಟು ಹೆಂಗಸರು ಶಾವಿಗೆಮಣೆ ಹೊತ್ತು ಬಂದರು. ಇದಕ್ಕೆ ಕೂಲಿ ಇಲ್ಲ, ಮುಯ್ಯಿ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಅವರಲ್ಲಿ ಏಳನೆಯ ಇಯತ್ತೆ ಪಾಸಾದ ಸಾವಕ್ಕನಿಗೆ ಮಾತ್ರ ಮಣೆ ಇಲ್ಲ. ಆಕೆ ಕಂಬಕ್ಕೆ ಒರಗಿ ಕೂತು ಕಾದಂಬರಿ ಓದುವವಳು. ಉಳಿದವರು ಕೇಳುತ್ತ ಹೊಸೆಯುವವರು. ಕೈಗೆ ದಣಿವು ಗೊತ್ತಾಗುತ್ತಿರಲಿಲ್ಲ.

ಸಾವಕ್ಕ ಶಾಲೆಯಲ್ಲಿ ಪದ್ಯ ಹೇಳುವ ರಾಗದಲ್ಲಿ ಓದುತ್ತಿದ್ದಳು. "'ವನಮಾಲಾ, ನಿನ್ನ ಈ ಕಣ್ಣೀರಿಗೆ ನಾನೇ ಕಾರಣ' ಎಂದು ಶಶಿಧರನು ಗದ್ಗದಿತನಾದನು. ಹೊರಗೆ ಮಳೆ ಸುರಿಯುತ್ತಿತ್ತು."

ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕೂತ ಮಾಸ್ತರರಿಗೆ ತಡೆಯಲಾಗಲಿಲ್ಲ.

"ಅಲ್ಲ, ಇವನೌನ, ಈ ಮಳಿ ಯಾವಾಗ್ಲೂ ಇವರಿಬ್ರು ಕೂಡಿದಾಗ ಯಾಕ ಬರತೈತಿ? ನಮ್ಮ ಹೊಲದಾಗ ಕಳೆ ತಗಿಯೂ ಹೆಣ್ಮಕ್ಕಳು ವರ್ಷಾ ತೋಯಿಸ್ಕೋತಾರ. ನೆಗಡಿ ಬಿಟ್ಟು ಮತ್ತೇನರೆ ಬಂತೇನು ಒಬ್ಬಾಕಿಗೆ?"

"ಸುಮ್ಕಿರ್ರಿ ಮಾಸ್ತರ" ಅಂದಳು ಫಕೀರವ್ವ. ಓಣಿಗೆಲ್ಲ ಹಿರಿಯಳು, ಮಾಸ್ತರರನ್ನು ಚಡ್ಡಿ ಇಲ್ಲದಾಗಿನಿಂದ ನೋಡಿದವಳು.

"ಹಂಗಲ್ಲಬೇ, ಅದರಾಗೇನು ರುಚಿ ಐತಿ ನಿಮಗ? ಇಪ್ಪತ್ತು ಪುಸ್ತಕ ತಗೀರಿ, ಇಪ್ಪತ್ತರಾಗೂ ಅದ ಹುಡುಗ, ಅದ ಮೋಟಾರು, ಅದ ಜ್ವರ. ಮೊದ್ಲ ಜಗಳ, ಆಮ್ಯಾಲ ಅಳೂದು, ಕಡೀಕ ಹಾರ. ಬಸ್ಸಿನ ಮ್ಯಾಲ ಸರಕಾರದವರು ಬರಸ್ಯಾರಲ್ಲ, ಮಾತು ಕಡಿಮೆ ದುಡಿಮೆ ಹೆಚ್ಚು ಅಂತ, ಅದನ್ನ ಓದ್ರಿ."

ಖಾಸಿಂಬಿ ಮಣೆಯಿಂದ ಕಣ್ಣೆತ್ತಲಿಲ್ಲ. ಅವಳ ಬೆರಳಿನಿಂದ ಇಳಿಯುವ ಎಳೆಗೆ ಸಂಶಿಯಲ್ಲೇ ಸಾಟಿ ಇರಲಿಲ್ಲ. "ಮಾಸ್ತರ, ರುಚಿ ಏನಂತ ನಾ ಹೇಳತೇನಿ ಕೇಳ್ರಿ. ಆ ಶಶಿಧರ ವನಮಾಲಾನ ಮನಿಗೆ ಬಂದಕೂಡ್ಲೆ ಅಕಿಗೆ ಏನ್ ಕೇಳತಾನ? 'ನೀನು ಊಟ ಮಾಡಿದೆಯಾ?' ಅಂತಾನ. ನನಗ ಲಗ್ನಾಗಿ ಹದಿನೆಂಟು ವರ್ಷಾತು. ನಮ್ಮನ್ಯಾಗ 'ರೊಟ್ಟಿ ಎಲ್ಲಿ' ಅಂತ ಕೇಳಿದ್ದು ಬಿಟ್ರ ಬ್ಯಾರೆ ಮಾತ ಕೇಳಿಲ್ಲ ನಾ."

ಹೆಂಗಸರು ಹೋ ಎಂದು ನಕ್ಕರು. ನೀಲಕ್ಕ ನಗಲಿಲ್ಲ. ಮಾಸ್ತರರು ಪತ್ರಿಕೆಯನ್ನು ಮೋರೆಗೆ ಅಡ್ಡ ಹಿಡಿದರು.

ಹೊತ್ತು ನೆತ್ತಿಗೇರುವಷ್ಟರಲ್ಲಿ ಅರ್ಧ ಕಣಕ ಮುಗಿದು, ಅಂಗಳದ ಕೋಲುಗಳ ಮೇಲೆ ಶಾವಿಗೆ ಒಣಗುತ್ತಿತ್ತು. ಕತೆಯಲ್ಲಿ ವನಮಾಲಾ ಆಸ್ಪತ್ರೆಯ ಮಂಚದ ಮೇಲೆ ಎಚ್ಚರ ತಪ್ಪಿ ಮಲಗಿದ್ದಳು. ಶಶಿಧರನ ಮೋಟಾರು ಮಳೆಯಲ್ಲಿ ಧಾವಿಸಿ ಬರುತ್ತಿತ್ತು. "'ಡಾಕ್ಟರ್, ನನ್ನ ವನಮಾಲಾ' ಎಂದು ಕೂಗುತ್ತ ಅವನು ಬಾಗಿಲು ತಳ್ಳಿದನು. ಒಳಗೆ" ಎಂದು ಓದಿ ಸಾವಕ್ಕ ಹಾಳೆ ತಿರುವಿದಳು. ತಿರುವಲು ಹಾಳೆಯೇ ಇರಲಿಲ್ಲ. ರಟ್ಟು ಸಿಕ್ಕಿತು.

"ಒಳಗ ಏನವಾ?" ಎಂದಳು ಫಕೀರವ್ವ.

"ಹಾಳಿ ಹರದಾರ."

ಹದಿನಾಲ್ಕು ಕೈ ಒಮ್ಮೆಲೇ ನಿಂತವು. ನೀಲಕ್ಕ ಬಚ್ಚಲಿಗೆ ಹೋಗಿ, ಒಲೆಯ ಬಾಯಿಂದ ಅರೆಸುಟ್ಟ ಒಂದು ಕಾಗದದ ಚೂರು ತಂದು ನಡುವೆ ಇಟ್ಟಳು. ಅದರ ಮೇಲೆ 'ಶಶಿಧರ' ಎಂಬುದಷ್ಟೇ ಉಳಿದಿತ್ತು.

"ಕಡೀಕ ಏನಾತು ತಿಳಿಯೂತನಾ ನಾ ಕೈ ಹಚ್ಚಂಗಿಲ್ಲ" ಅಂತ ಖಾಸಿಂಬಿ ಸೆರಗಿಗೆ ಕೈ ಒರೆಸಿಕೊಂಡಳು. ಉಳಿದವರೂ ಒರೆಸಿಕೊಂಡರು.

"ಏನ್ ಹುಚ್ಚರಬೇ ನೀವು! ಕಣಕ ಹುಳಿ ಬರತೈತಿ!" ಎಂದು ಮಾಸ್ತರರು ಕೂಗಿದರು.

"ಬರಲಿ. ಒಲಿ ಹೊತ್ತಸೂಮುಂದ ನಿಮಗ ತಿಳೀಲಿಲ್ಲೇನು?" ಅಂದಳು ಫಕೀರವ್ವ.

ನೀಲಕ್ಕ ಗಂಡನನ್ನು ಮೂಲೆಗೆ ಕರೆದು ಸಣ್ಣ ದನಿಯಲ್ಲಿ ಹೇಳಿದಳು. "ಮನ್ಯಾಗ ಇನ್ನೊಂದ ಕಾಳು ಗೋಧಿ ಇಲ್ಲ. ಸಂಜೀಕ ಕಣಕ ಕೆಟ್ಟಿತಂದ್ರ ಆ ಬಸವಣ್ಣೆವ್ವನ ಮುಂದ ನೀವ ಹೋಗಿ ನಿಲ್ರಿ. ನನ್ನ ಮಗಳ ಲಗ್ನ ಮುರದ್ರ ನಿಮ್ಮನ್ನ ನಾ ಬಿಡಂಗಿಲ್ಲ." ಅವಳ ಕಣ್ಣಲ್ಲಿ ನೀರಿತ್ತು. ಮಾಸ್ತರರು ಟೊಪ್ಪಿಗೆ ತಲೆಗೇರಿಸಿ ಬಸ್ಸು ಹಿಡಿದರು.

ಕುಂದಗೋಳದ ವಾಚನಾಲಯದಲ್ಲಿ ಪುಸ್ತಕ ಕೊಡುವವನು ಮಾಳಪ್ಪ, ಮಾಸ್ತರರ ಹಳೆಯ ವಿದ್ಯಾರ್ಥಿ. ಕಲಿಯುವಾಗ ಅವನ ಬಾಯಿಂದ ಮಗ್ಗಿ ಹೊರಡಿಸಲು ಬೆತ್ತ ಬೇಕಾಗುತ್ತಿತ್ತು. ಈಗ ಮಾತ್ರ ದನಿ ಗಟ್ಟಿಯಾಗಿತ್ತು. ಮಾಸ್ತರರು ಮೇಜಿನ ಮೇಲೆ ಬಗ್ಗಿ ಕಿವಿಯಲ್ಲಿ ಹೇಳಿದ್ದನ್ನು ಅವನು ಸಂತೆಗೆ ಕೇಳುವ ಹಾಗೆ ಹೇಳಿದ. "ಯಾವ್ದ್ರಿ ಸರ್, ಕೂದ್ಲ ಬಿಟ್ಟಕೊಂಡ ಹುಡುಗೀದು? ಪ್ರೇಮದ ಪುಸ್ತಕ? ಅದು ಹೊರಗ ಹೋಗೇತ್ರಿ ಸರ್! ಭಾಳ ಬೇಡಿಕಿ! ನಿಮಗ ಬೇಕಾಗಿತ್ತೇನ್ರಿ?"

ಪತ್ರಿಕೆಯ ಮೇಜಿನ ಸುತ್ತ ಕೂತವರೆಲ್ಲ ತಿರುಗಿದರು. ಅವರ ನಡುವೆ ಒಂದು ದೊಡ್ಡ ಮೀಸೆಯೂ ತಿರುಗಿತು. ಬೀಗ ಈರಬಸಪ್ಪ!

ಮಾಸ್ತರರು ಕೈ ಜೋಡಿಸಿದರು. "ನಮಸ್ಕಾರ್ರಿ ಬೀಗರ. ಅದು... ಬ್ಯಾರೇದವರಿಗೆ..."

ಈರಬಸಪ್ಪ ಮಾಸ್ತರರನ್ನು ಕಾಲಿನಿಂದ ಟೊಪ್ಪಿಗೆಯ ತನಕ ಒಮ್ಮೆ ನೋಡಿ, "ಲಗ್ನ ಎಂಟು ದಿನಕ್ಕ ಬಂದೈತಿ" ಎಂದಷ್ಟೇ ಅಂದು, ಕೋಲು ಊರಿಕೊಂಡು ಹೊರಗೆ ನಡೆದುಬಿಟ್ಟ. ಮುಗಿಯಿತು! ಶಾವಿಗೆಗಿಂತ ಮೊದಲೇ ಲಗ್ನ ಮುರಿದಂತಾಯಿತು ಎಂದುಕೊಂಡರು ಮಾಸ್ತರರು.

ಎದುರಿನ ಅಂಗಡಿಯ ದರ್ಜಿ ಗೂಳಪ್ಪ ಅದನ್ನು ಓದಿದ್ದಾನೆಂದು ಮಾಳಪ್ಪನೇ ಕಿಟಕಿಯಿಂದ ಕೂಗಿ ಹೇಳಿದ. ಗೂಳಪ್ಪ ಮಷಿನ್ ನಿಲ್ಲಿಸದೆ, "ಕಡೀಕ ಅಕಿ ಡಾಕ್ಟರನ್ನ ಲಗ್ನ ಆಗತಾಳ್ರಿ" ಅಂದ. "ಅಲ್ಲಲ್ಲ, ಡಾಕ್ಟರ್ ಅಕೀ ಅಣ್ಣ ಅಂತ ಗೊತ್ತಾಗತೈತಿ. ತಡೀರಿ, ಅದು ಬ್ಯಾರೆ ಪುಸ್ತಕ ಇರಬೇಕು. ಎಲ್ಲಾ ಒಂದ ಥರಾ ಇರತಾವ್ರಿ, ಅದಕ್ಕ ಛಂದ ಅನಸ್ತಾವು." ಇದೇ ಮಾತನ್ನು ಮಾಸ್ತರರು ಬೈಗುಳವಾಗಿ ಇಪ್ಪತ್ತೈದು ವರ್ಷ ಆಡಿದ್ದರು. ಈ ಮೂರ್ಖ ಅದನ್ನೇ ಹೊಗಳಿಕೆ ಮಾಡಿಬಿಟ್ಟ.

ತಿರುಗಿ ಬರುವ ಬಸ್ಸಿನ ಕಂಡಕ್ಟರ್ ಮಹಬೂಬಸಾಬನಿಗೆ ಆಗಲೇ ಸುದ್ದಿ ಮುಟ್ಟಿತ್ತು. "ಅಕಿ ಸಾಯತಾಳ್ರಿ ಮಾಸ್ತರ" ಅಂತ ಅವನು ಸೀಟಿನ ಅಂಚಿಗೆ ಕೂತ. "ಖರೇ ಹೇಳತೇನಿ, ಡ್ಯೂಟಿ ಮ್ಯಾಲ ಅತ್ತೇನಿ ನಾ. ಸೀಟಿ ಊದಾಕಾಗದ ಎರಡ ಸ್ಟಾಪ್ ತಪ್ಪಿಸೇನಿ." ಎರಡು ಸ್ಟಾಪ್ ತಪ್ಪಿಸಿದ ಮನುಷ್ಯ ಸುಳ್ಳು ಹೇಳಲಾರ ಎಂದು ಮಾಸ್ತರರಿಗೆ ಅನಿಸಿತು.

ಮನೆ ಮುಟ್ಟಿದಾಗ ನಾಲ್ಕು ಹೊಡೆದಿತ್ತು. ಹಸಿ ಬಟ್ಟೆ ಹೊದ್ದ ಕಣಕದ ಸುತ್ತ ಹೆಂಗಸರು ಕೈಕಟ್ಟಿ ಕೂತಿದ್ದರು. ಮಾಸ್ತರರು ಶಾಲೆಯಲ್ಲಿ ನಿಂತಂತೆ ನಿಂತು, ಗಂಟಲು ಸರಿಮಾಡಿಕೊಂಡು, "ಶಶಿಧರ ಬಾಗಲಾ ತಗದಾ. ವನಮಾಲಾ ಸತ್ತಿದ್ಲು. ಮುಗೀತು, ಹೊಸೀರಿ" ಅಂದರು.

ಗದ್ದಲವೆದ್ದಿತು. ಫಕೀರವ್ವ ಎದೆ ಎದೆ ಬಡಿದುಕೊಂಡಳು. "ಲಗ್ನದ ಮನ್ಯಾಗ ಹೆಣಾ ತಂದಿಡತೀರೇನ್ರಿ? ಮಗಳ ಅರಿಷಿಣದ ಹೊತ್ತಿನ್ಯಾಗ? ಬಾಯಾಗ ಒಳ್ಳೇದ ಬರಂಗಿಲ್ಲೇನು ನಿಮಗ? ಏಳ್ರಬೇ, ಮನಿಗೆ ಹೋಗೂಣು!"

"ತಡೀರಿ, ತಡೀರಿ!" ಮಾಸ್ತರರು ಬಾಗಿಲಿಗೆ ಅಡ್ಡ ನಿಂತರು. "ಸತ್ತಾಳಂತ ಎಲ್ಲಾರೂ ತಿಳಕೊಂಡ್ರು ಅಂತ ಹೇಳೂದಿತ್ತು ನಾ! ಡಾಕ್ಟರ್ ಕೈ ಹಿಡದು ನೋಡತಾನ, ನಾಡಿ ಐತಿ!"

ಏಳುತ್ತಿದ್ದವರು ಕೂತರು. "ಆಮ್ಯಾಲ?"

ಆಮೇಲೆ ಏನೆಂದು ಮಾಸ್ತರರಿಗೆ ಎಲ್ಲಿ ಗೊತ್ತು? "ಆಮ್ಯಾಲ... ಹೊರಗ ಮಳಿ."

"ಭಾಳ ಮಳೀನ್ರಿ?" ಖಾಸಿಂಬಿಯ ಕೈ ಕಣಕದ ಮೇಲೆ ಬಂತು.

"ಭಾಳ! ಮೋಟಾರ ಮುಳುಗೂವಷ್ಟು. ಅಕಿ ಕಣ್ಣು ತಗದ್ಲು. ಶಶಿಧರ ತೊಯಿಸಿಕೊಂಡು ನಿಂತಾನ. ಅಷ್ಟ ದೂರಿಂದ ಬಂದಾನ, ಹಸದಾನ. ಆದ್ರೂ ಅಕಿ ಮಾರಿ ನೋಡಿ ಏನಂದ? 'ವನಮಾಲಾ, ನೀನು ಊಟ ಮಾಡಿದೆಯಾ?'"

ಯಾರೋ ಮೂಗು ಎಳೆದರು. ನೋಡಿದರೆ ನೀಲಕ್ಕ! ಎಳೆಗಳು ಸರಸರ ಇಳಿಯತೊಡಗಿದವು. ಮಾಸ್ತರರಿಗೆ ಈಗ ಹುರುಪು ಬಂತು. ಇಬ್ಬರನ್ನೂ ಕೂಡಿಸಿದರೆ ಕತೆ ಮುಗಿಯುತ್ತದೆ, ಕಣಕ ಇನ್ನೂ ಉಳಿದಿದೆ. ಶಶಿಧರನ ತಾಯಿಯನ್ನು ತಂದು ಜಗಳ ಹಚ್ಚಿದರು. ವನಮಾಲಾಳನ್ನು ಮತ್ತೊಮ್ಮೆ ಅಳಿಸಿದರು. ಒಂದು ಪತ್ರ ಕಳೆದರು, ಅದನ್ನು ಹುಡುಕಿಸಿದರು. ತಾವು ಇಷ್ಟು ವರ್ಷ ಉಗಿದದ್ದನ್ನೆಲ್ಲ ಒಂದೊಂದಾಗಿ ಹೆಕ್ಕಿ ಹೆಕ್ಕಿ ಹಾಕುತ್ತಿದ್ದರು. ಒಳಗೊಳಗೇ ಭಾರೀ ಖುಷಿಯೂ ಆಗುತ್ತಿತ್ತು. ಕಡೆಯ ಉಂಡೆ ಕಣಕ ಖಾಸಿಂಬಿಯ ಮಣೆಗೆ ಬಂದಾಗ ಇಬ್ಬರ ಕೊರಳಿಗೂ ಹಾರ ಹಾಕಿಸಿ ಹಣೆ ಒರೆಸಿಕೊಂಡರು.

ಶಾವಿಗೆ ಅಂಗಳ ತುಂಬಿತ್ತು. ಮಾಸ್ತರರು ಜಂಬದಿಂದ ಕೇಳಿದರು. "ಹೆಂಗಿತ್ತು ಕಡೀ ಅಧ್ಯಾಯ?"

"ಚಲೋ ಇತ್ರಿ" ಅಂದಳು ಸಾವಕ್ಕ. "ಪುಸ್ತಕದಾಗ ಆ ಪತ್ರದ ಸುದ್ದಿ ಇಲ್ಲ ಖರೇ."

"ನಿನಗ ಹೆಂಗ ಗೊತ್ತು?"

"ಅಯ್ಯ, ಇದನ್ನ ಓದಾಕ್ಹತ್ತಿದ್ದು ಇದು ಮೂರನೇ ಸಲಾ ಅಲ್ಲೇನ್ರಿ? ರೇವವ್ವನ ಮನ್ಯಾಗ ಹಪ್ಪಳ ಮಾಡೂಮುಂದ ಒಮ್ಮೆ, ಖಾಸಿಂಬಿ ಮನ್ಯಾಗ ಒಮ್ಮೆ. ಎಲ್ಲಾರಿಗೂ ಬಾಯಿಪಾಠ ಐತಿ."

ಮಾಸ್ತರರು ಕಂಬ ಹಿಡಿದುಕೊಂಡರು. "ಗೊತ್ತಿದ್ದೂ ಕೈ ಬಿಟ್ಟು ಕೂತಿರೇನು? ನನ್ನ ಕುಂದಗೋಳದ ತನಕ ಓಡಿಸಿದಿರೇನು?"

"ಗೊತ್ತಿದ್ರ ಏನಾತ್ರಿ?" ಖಾಸಿಂಬಿ ಮಣೆ ತೊಳೆಯುತ್ತ ಅಂದಳು. "ಲಗ್ನದಾಗ ಕಡೀಕ ತಾಳಿ ಕಟ್ಟತಾರಂತ ಎಲ್ಲಾರಿಗೂ ಗೊತ್ತಿರತೈತಿ. ಹಂಗಂತ ಯಾರರೆ ತಾಳಿ ಕಟ್ಟೂಕ್ಕಿಂತ ಮೊದ್ಲ ಎದ್ದು ಹೋಗತಾರೇನು?"

ಫಕೀರವ್ವ ಮಣೆ ಕಂಕುಳಿಗೇರಿಸಿ, "ಸೋಮವಾರ ನಮ್ಮನ್ಯಾಗ ಸಂಡಿಗಿ. ಮುಯ್ಯಿ ತೀರಸಾಕ ನೀಲಕ್ಕ ಬ್ಯಾಡ, ನೀವ ಬರ್ರಿ" ಅಂದಳು. ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಈರಬಸಪ್ಪ ನಿಂತಿದ್ದ. ಹೆಂಗಸರು ಸೆರಗು ಎಳೆದುಕೊಂಡು ಒಳಗೆ ಸರಿದರು. ಮಾಸ್ತರರು ಚಾಪೆ ಬಿಡಿಸಿದರು.

"ಬೀಗರ, ಬರ್ರಿ, ಕುಂದರ್ರಿ. ವಾಚನಾಲಯದಾಗ ನೀವು ನೋಡಿದ್ದು..."

"ಕುಂಡ್ರಾಕ ಹೊತ್ತಿಲ್ಲ" ಅಂದ ಈರಬಸಪ್ಪ. ಅತ್ತಿತ್ತ ನೋಡಿ, ಮಾಸ್ತರರ ರಟ್ಟೆ ಹಿಡಿದು ಹೊರಕಟ್ಟೆಗೆ ಎಳೆದ. ಮೀಸೆ ಇಳಿಬಿದ್ದಿತ್ತು. "ವಾಚನಾಲಯದ ಆ ಪುಸ್ತಕ ನಮ್ಮನ್ಯಾಗೈತ್ರಿ. ಅಂಥಾ ಹಲ್ಕಟ್ ಪುಸ್ತಕ ಯಾರಿಗೆ ಬೇಕಂತ ನಾ ನಿನ್ನೆ ಅದರ ಕಡೀ ಹಾಳ್ಯಾಗ ತಂಬಾಕ ಕಟಿಗೊಂಡು ಹೊಲಕ್ಕ ಹೋಗಿದ್ದೆ. ಇವತ್ತ ನಮ್ಮಲ್ಲೂ ಶಾವಿಗಿ. ಮುಂಜಾನಿಂದ ಬಸವಣ್ಣೆವ್ವ ಕಣಕ ಮುಂದಿಟಗೊಂಡು ಕುಂತಾಳ. ಮಂದಿ ಎಲ್ಲಾ ಕೈ ಬಿಟ್ಟಾರ. ಇಡೀ ದಿನ ಹುಡುಕೇನಿ, ಎಲ್ಲೂ ಸಿಗಲಿಲ್ಲ. ಕಂಡಕ್ಟರ್ ಅಕಿ ಸಾಯತಾಳಂದಾ, ಲಗ್ನದ ಮನ್ಯಾಗ ಅದನ್ನ ಹೇಳಾಕಾಗತೈತೇನು? ನಿಮಗ ಬ್ಯಾರೆ ಕಡೀದು ಸಿಕ್ಕೈತೆಂತ ಅವನ ಹೇಳಿದಾ. ನಡೀರಿ, ಬಂದು ಹೇಳ್ರಿ."

"ನಾನ? ಬೀಗತಿ ಮುಂದ? ಪ್ರೇಮದ್ದು?"

"ಮಾಸ್ತರ, ಲಗ್ನ ಆಗಬೇಕೋ ಬ್ಯಾಡೋ?"

ಮಾಸ್ತರರು ಟೊಪ್ಪಿಗೆ ಹಾಕಿಕೊಂಡರು. ಬಸ್ಸಿನಲ್ಲಿ ಮಹಬೂಬಸಾಬ ಇಬ್ಬರಿಗೂ ಮುಂದಿನ ಸೀಟು ಬಿಡಿಸಿಕೊಟ್ಟ. ಊರು ದಾಟಿದ ಮೇಲೆ ಈರಬಸಪ್ಪ ಎರಡು ಸಲ ಕೆಮ್ಮಿದ. ಹಿಂದೆ ಯಾರಾದರೂ ಕೇಳುತ್ತಿದ್ದಾರೋ ಎಂದು ತಿರುಗಿ ನೋಡಿದ. ಆಮೇಲೆ ಮೀಸೆಯನ್ನು ಮಾಸ್ತರರ ಕಿವಿಯ ಹತ್ತಿರ ತಂದ.

"ಅಲ್ರಿ ಬೀಗರ, ನನಗಷ್ಟ ಈಗ ಹೇಳಿಬಿಡ್ರಿ. ಕಡೀಕ ಅವರಿಬ್ರೂ ಕೂಡತಾರಿಲ್ಲೋ?"