ಅತ್ತೆಯ ಸಿಮ್ಮಿಲ್ಲದ ಟ್ಯಾಬ್

ನಮ್ಮ ಸೋದರತ್ತೆಗೆ ನಾಚಿಕೆ ಎಂಬುದು ಹುಟ್ಟಿನಿಂದಲೇ ಇಲ್ಲ. ಅವಳ ಪಾಲಿನದನ್ನೂ ಸೇರಿಸಿ ನಾನೇ ನಾಚಿಕೊಳ್ಳುತ್ತ ಬಂದಿದ್ದೇನೆ. ಇಡೀ ಮನೆತನದ ನಾಚಿಕೆಯನ್ನು ಒಬ್ಬನೇ ಹೊರುವುದು ಎಷ್ಟು ಭಾರ ಎಂಬುದು ನಿಮಗೇನು ಗೊತ್ತು?

ಅತ್ತೆ ಯಲಬುರ್ಗಾದಲ್ಲಿ ಅಂಗನವಾಡಿ ನಡೆಸಿ ನಿವೃತ್ತಳಾದವಳು. ಅಪ್ಪನ ಅಕ್ಕ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ದೊಡ್ಡ ನಿರ್ಧಾರಗಳೆಲ್ಲ ಅವಳವೇ. ಅವ್ವ ಕೂಡ ಎದುರಾಡುವುದಿಲ್ಲ. ನಾನು ಕೊಪ್ಪಳದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಒಂದಿಷ್ಟು ಜನ ನನ್ನನ್ನು ‘ಸರ್’ ಎನ್ನುತ್ತಾರೆ. ಅತ್ತೆ ಬಂದು ಹೋದ ಮೇಲೆ ಕೆಲವು ದಿನ ಅದೂ ನಿಂತುಹೋಗುತ್ತದೆ.

ಹೋದ ವರ್ಷ ಅವಳಿಗೆ ಟ್ಯಾಬ್ ಬೇಕೆನಿಸಿತು. ಟಿವಿಯ ಮುಂದೆ ಒಂದೇ ಕಡೆ ಕೂರುವುದು ಅವಳ ಜಾಯಮಾನವಲ್ಲ. ಅವಳದು ಬಟನ್ ಫೋನು. ಪಕ್ಕದ ಮನೆಯವರ ಫೋನಿನಲ್ಲಿ ಧಾರಾವಾಹಿ ನೋಡಿದರೆ ನಾಯಕಿ ಇರುವೆಯಷ್ಟು ಕಾಣುತ್ತಾಳೆ, ನಗುತ್ತಾಳೋ ಅಳುತ್ತಾಳೋ ತಿಳಿಯದೆ ತಾನು ತಪ್ಪು ಜಾಗದಲ್ಲಿ ಅಳುತ್ತಿದ್ದೇನೆ ಎಂಬುದು ಅವಳ ದೂರು.

ಕೊಪ್ಪಳದ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ನೋಡಲು ಒಂದೇ ಥರದ ಎರಡು ಟ್ಯಾಬ್ ಮುಂದಿಟ್ಟು, ‘ಇದಕ್ಕ ಸಿಮ್ ಹಾಕಬೋದ್ರಿ, ಎಲ್ಲಿ ಹೋದ್ರೂ ನೆಟ್ ಬರತೈತಿ. ಇದು ಬರೇ ವೈಫೈದು, ರೇಟ್ ಕಮ್ಮಿ’ ಎಂದ.

ಅತ್ತೆ ವೈಫೈಯದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ‘ಇದರಾಗಿನ ವೈಫೈ ಎಷ್ಟು ದಿನಕ್ಕ ತೀರತೈತಿ?’

‘ವೈಫೈ ಇದರಾಗ ಇರಂಗಿಲ್ರಿ ಅಮ್ಮಾರ. ಹೊರಗಿಂದ ಬರಬೇಕ್ರಿ.’

‘ಹಂಗಾರ ಖಾಲಿ ಡಬ್ಬಿ ಮಾರಾಕ ಕುಂತೀಯೇನಪ?’

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಗೋಡೆಗೆ ತೂಗುಹಾಕಿದ್ದ ಫೋನ್ ಕವರುಗಳನ್ನು ಭಾರೀ ಆಸಕ್ತಿಯಿಂದ ನೋಡತೊಡಗಿದೆ. ಆಮೇಲೆ ಮೆಲ್ಲಗೆ, ‘ಅತ್ತಿ, ಸಿಮ್ಮಿಂದ ತಗೋ. ನಿನ್ನ ಮನ್ಯಾಗ ವೈಫೈ ಎಲ್ಲೈತಿ?’ ಎಂದೆ.

‘ನನ್ನ ಮನ್ಯಾಗ ಬಾವಿನೂ ಇಲ್ಲ. ನೀರು ಕುಡಿಯೋದು ಬಿಟ್ಟೇನೇನು?’

ವೈಫೈಯದೇ ಬಂತು.

ಅಂದಿನಿಂದ ಅತ್ತೆ, ಪಕ್ಕದ ಮನೆಯಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳುವಷ್ಟು ಸಲೀಸಾಗಿ ಕಂಡಕಂಡವರಲ್ಲಿ ವೈಫೈ ಕೇಳತೊಡಗಿದಳು. ಟ್ಯಾಬ್ ಕೊಂಡ ದಿನವೇ, ಯಲಬುರ್ಗಾ ಬಸ್ಸಿನಲ್ಲಿ ಶುರು. ನನ್ನ ಅಂದಿನ ಡೇಟಾ ಆಗಲೇ ಮುಗಿದಿತ್ತು. ಅತ್ತೆ ಪಕ್ಕದಲ್ಲಿ ಕುಳಿತಿದ್ದ ಕಾಲೇಜು ಹುಡುಗನ ಹೆಗಲು ತಟ್ಟಿ, ‘ತಮ್ಮಾ, ನಿನ್ನ ಫೋನಿನಾಗಿಂದ ಒಂಚೂರು ವೈಫೈ ಬಿಡಪಾ’ ಎಂದಳು. ಅವನು ಹಾಟ್‌ಸ್ಪಾಟ್ ಹಚ್ಚಿಕೊಟ್ಟ. ಧಾರಾವಾಹಿಯ ಅತ್ತೆ ಸೊಸೆಯರ ಜಗಳ ಡ್ರೈವರನಿಗೂ ಕೇಳುವಂತೆ ಮೊಳಗಿತು. ನಾನು ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಅಪರಿಚಿತನಾಗಿ ಕುಳಿತೆ. ಕುಳಿತದ್ದೇ ತಪ್ಪಾಯಿತು.

‘ಹಿಂದ ಕುಂತಾನಲ್ಲ, ಕನ್ನಡಕದಂವ, ಅಂವ ನಮ್ಮ ತಮ್ಮನ ಮಗ. ಸರ್ಕಾರಿ ನೌಕರಿ ಐತಿ. ಆದ್ರ ಅತ್ತಿಗೆ ಕೊಡಾಕ ಒಂಚೂರು ವೈಫೈ ಇಲ್ಲ’ ಎಂದು ಇಡೀ ಬಸ್ಸಿಗೆ ನನ್ನ ಪರಿಚಯ ಮಾಡಿಸಿದಳು. ಕುಕನೂರು ಬಂದಾಗ ಹುಡುಗ ಇಳಿಯಲು ಎದ್ದ. ‘ಸೊಸಿಗೆ ಈಗ ಸತ್ಯ ಗೊತ್ತಾಗೋದೈತಿ, ಒಂದೀಟು ಕುಂದ್ರಪ’ ಎಂದಳು ಅತ್ತೆ. ಪಾಪ, ಹುಡುಗ ಕುಳಿತೇಬಿಟ್ಟ. ಯಲಬುರ್ಗಾದಲ್ಲಿ ಅತ್ತೆಯ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡು ಮರಳಿ ಕುಕನೂರಿಗೆ ಹೋದ.

ಒಮ್ಮೆ ನನ್ನ ಕಚೇರಿಗೂ ಬಂದಳು. ನನ್ನನ್ನು ದಾಟಿ ನೇರ ಸಾಹೇಬರ ಕೋಣೆಗೆ ನುಗ್ಗಿ ಪಾಸ್‌ವರ್ಡ್ ಕೇಳಿದಳು. ಸಾಹೇಬರು ಕೊಡಲಿಲ್ಲ, ಚಹಾ ತರಿಸಿಕೊಟ್ಟರು. ಆ ಸಂಜೆ, ‘ನಿಮ್ಮತ್ತೆಯವರು ಆರೋಗ್ಯವಾಗಿದ್ದಾರಲ್ಲ?’ ಎಂದು ನನ್ನನ್ನು ಕೇಳಿದ ದನಿ ಇವತ್ತಿಗೂ ಕಿವಿಯಲ್ಲಿದೆ.

ಇಷ್ಟನ್ನೂ ನುಂಗಿಕೊಂಡಿದ್ದೆ. ಗಂಗಾವತಿಯದನ್ನು ಮಾತ್ರ ನುಂಗಲಾಗಲಿಲ್ಲ.

ಅಲ್ಲಿಗೆ ನನಗೆ ಕನ್ಯಾ ನೋಡಲು ಹೋಗಿದ್ದೆವು. ನಾನು, ಅವ್ವ, ಅತ್ತೆ. ಬಸ್ಸಿಳಿದ ಮೇಲೆ, ‘ಇಲ್ಲಿ ಒಂದು ದಿನ ವೈಫೈ ಕೇಳಬ್ಯಾಡ’ ಎಂದು ಕೈಮುಗಿದೆ. ‘ನನಗಷ್ಟೂ ತಿಳಿಯಂಗಿಲ್ಲೇನು?’ ಎಂದಳು.

ಹುಡುಗಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ತಲೆ ಬಗ್ಗಿಸಿಕೊಂಡೇನೂ ಇರಲಿಲ್ಲ. ಏನು ಓದೀಯವ್ವಾ ಎಂದು ನಮ್ಮವ್ವ ಕೇಳಿದ್ದಕ್ಕೆ ನೆಟ್ಟಗೆ ನೋಡಿ ಉತ್ತರಿಸಿದಳು. ನನಗೆ ಅವಳ ದನಿ ಹಿಡಿಸಿತು. ಮತ್ತೇನಾದರೂ ಕೇಳಿ ಮಾತಾಡಿಸೋಣವೆಂದು ನಾನು ಧೈರ್ಯ ಕೂಡಿಸಿಕೊಳ್ಳುತ್ತಿರುವಾಗ ಅತ್ತೆಯ ಕಣ್ಣು ಒಳಕೋಣೆಯ ಗೋಡೆಯ ಮೇಲೆ ಮಿಣುಕುತ್ತಿದ್ದ ದೀಪದ ಮೇಲೆ ಬಿತ್ತು.

‘ಅದು ವೈಫೈ ಏನ್ರಿ?’

ನಾನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಅವ್ವನ ಕಡೆ ನೋಡಿದೆ.

‘ಹೌದ್ರಿ’ ಎಂದರು ಹುಡುಗಿಯ ಅಪ್ಪ. ‘ಪರೀಕ್ಷಾಕ್ಕ ಓದಾಕ ಬೇಕಂತ ಹಟ ಹಿಡಿದ್ಲು, ಹಾಕಿಸೀನಿ. ಪಾಸ್‌ವರ್ಡ್ ಆಕಿಗೇ ಗೊತ್ತು.’

‘ಒಳಗ ಬರ್ರಿ, ಹಾಕಿಕೊಡ್ತೀನಿ’ ಎಂದು ಹುಡುಗಿ ಕರೆದಳು. ಅತ್ತೆ ತನ್ನ ಚೀಲದಿಂದ ಟ್ಯಾಬ್ ತೆಗೆದುಕೊಂಡು ಎದ್ದಳು. ಹೊರಗೆ ಉಳಿದ ನಾವು ಮಳೆ, ಭತ್ತ, ಕಾಲುವೆಯ ನೀರು ಎಲ್ಲ ಮಾತಾಡಿ ಮುಗಿಸಿದೆವು. ಒಂದು ಪಾಸ್‌ವರ್ಡ್ ಹಾಕಲು ಇಷ್ಟು ಹೊತ್ತೇ?

ಕೊನೆಗೆ ಅತ್ತೆ ಒಬ್ಬಳೇ ಹೊರಬಂದಳು. ಟ್ಯಾಬ್ ಕಂಕುಳಲ್ಲಿತ್ತು. ಕುಳಿತುಕೊಳ್ಳಲಿಲ್ಲ.

‘ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮನಿ ವೈಫೈ ಭಾಳ ನಿಧಾನ ಐತಿ. ಈ ಸಂಬಂಧ ನಮಗ ಬ್ಯಾಡ.’

ಅವ್ವ ಹಣೆಗೆ ಕೈ ಹಚ್ಚಿದಳು. ಹುಡುಗಿಯ ಅಪ್ಪ ಅರ್ಧ ಎದ್ದವರು ಹಾಗೆಯೇ ನಿಂತರು. ‘ಅಲ್ರಿ ಬಾಯಾರ, ವೈಫೈ ಸಲುವಾಗಿ ಸಂಬಂಧ ಬಿಡತೀರೇನ್ರಿ?’

‘ನನ್ನ ಧಾರಾವಾಹಿ ನಡುನಡುವ ನಿಂತರ ನನಗ ತಡಕೊಳ್ಳಾಕ ಆಗಂಗಿಲ್ರಿ. ಹುಡುಗಿ ಬಂಗಾರದಂಥಾಕಿ. ಆಕೀದೇನೂ ತಪ್ಪಿಲ್ಲ, ನಮ್ಮದ ಹುಚ್ಚು.’

ಅವರು ನಮ್ಮನ್ನು ಬಯ್ಯಲೂ ಇಲ್ಲ. ಅತ್ತೆಯ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ತಮ್ಮ ಮಗಳು ಈ ಮನೆತನದಿಂದ ಪಾರಾದಳು ಎಂಬಂತೆ ಉಸಿರು ಬಿಟ್ಟರು. ಚಪ್ಪಲಿ ಹಾಕಿಕೊಳ್ಳುವಾಗ ನನಗೆ ಎಡ ಬಲ ತಿಳಿಯಲಿಲ್ಲ.

ಬಸ್ಸಿನಲ್ಲಿ ಅವ್ವ ಮುಂದೆ ಹೋಗಿ ಕುಳಿತಳು. ಅತ್ತೆಯ ಪಕ್ಕ ನಾನು. ಊರು ದಾಟಿದ್ದೇ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿನ್ನಿಂದ ಮಂದಿಯ ಮುಂದೆ ತಲೆ ಎತ್ತದಂತಾಗಿದೆ, ಇನ್ನು ಮೇಲೆ ನನ್ನ ಜೊತೆ ಎಲ್ಲಿಗೂ ಬರಬೇಡ ಎಂದುಬಿಟ್ಟೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು.

‘ಆ ಹುಡುಗಿ ಟ್ಯಾಬ್ ಇಸಗೊಂಡು ಬದಿಗಿಟ್ಲು’ ಎಂದಳು ಆಮೇಲೆ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ‘ಆಕಿ ಪರೀಕ್ಷಾ ಬರೀಬೇಕಂತ. ನೌಕರಿ ಹಿಡಿಯೋತನ ಮದುವಿ ಬ್ಯಾಡಂತ. ಹಿಂದ ಬಂದ ಗಂಡಿಗೆ ತಾನ ಒಲ್ಲೆ ಅಂದಿದ್ಲಂತ. ಅವರಪ್ಪ ಆವತ್ತ ಹೇಳ್ಯಾನಂತ, ಇನ್ನೊಮ್ಮಿ ಒಲ್ಲೆ ಅಂದ್ರ ಪುಸ್ತಕ ಎಲ್ಲಾ ಸುಡತೀನಿ ಅಂತ. ನೀವ ಬ್ಯಾಡ ಅನ್ರಿ ಅಂತ ನನ್ನ ಕೈ ಹಿಡಕೊಂಡು ಅತ್ತಳು.’

‘ನಂಗ ಅಲ್ಲೇ ಹೇಳಬಾರದಿತ್ತೇನು?’

‘ಹೇಳಿದ್ರ ನಿನ್ನ ಮುಖ ನೋಡಿ ಅವರಪ್ಪಗ ತಿಳೀತಿತ್ತು. ನಾ ಹುಚ್ಚಿ ಅಂದ್ರ ಯಾರ ಬೇಕಾದ್ರೂ ನಂಬತಾರ.’

ನಾನು ತಲೆ ತಗ್ಗಿಸಿದೆ. ಆ ದಿನ ನಾನು ನಾಚಿಕೆ ಪಟ್ಟದ್ದು ಅವಳ ಸಲುವಾಗಿ ಅಲ್ಲ, ನನ್ನ ಸಲುವಾಗಿ. ಕಿಟಕಿಯ ಆಚೆ ಭತ್ತದ ಗದ್ದೆಗಳು ಒಂದರ ಹಿಂದೊಂದು ಹೋಗುತ್ತಿದ್ದವು.

‘ಹುಡುಗಿ ಮನಸಿಗೆ ಬಂದಿದ್ಲೇನು?’ ಎಂದು ಅತ್ತೆ ಕೇಳಿದಳು.

‘ಹ್ಞೂಂ’ ಎಂದೆ.

‘ನಂಗೂ ಭಾಳ ಬಂದಿದ್ಲಪ’ ಎನ್ನುತ್ತ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು.