ಮೇಲಿನ ಹಲಗೆಯ ಪೆಟ್ಟಿಗೆ

ಕಂಡವರಿಗೆಲ್ಲ ಬುದ್ಧಿ ಹೇಳುವ ಚಪಲ ನನಗೆ ಮೊದಲಿನಿಂದಲೂ ಇದೆ. ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದಾಗ ಅಂಥದ್ದೊಂದರಲ್ಲಿ ನಾನು ಸ್ಟೋರ್ ಕೀಪರ್ ಆದೆ, ಕಾಯಿಲೆ ಉಲ್ಬಣಿಸಿತು. ಒಂದು ಜೊತೆ ಗ್ಲೌಸ್ ಕೇಳಲು ಬಂದವನೂ ನನ್ನ ಉಪದೇಶ ಕೇಳದೆ ಹೋಗುವಂತಿರಲಿಲ್ಲ. 'ಪ್ರತಿ ವಸ್ತುವಿಗೂ ಒಂದು ಜಾಗ' ಎಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬೇರೆ ಬರೆಸಿದ್ದೆ.

ನನ್ನ ಸ್ಟೋರ್ಸಿನಲ್ಲಿ ಜಾಗ ಸಿಗದ ವಸ್ತು ಒಂದೇ. ಏಡ್ಸ್ ಬಗ್ಗೆ ತಿಳಿವಳಿಕೆ ಕೊಡಲು ಬಂದವರು ದೊಡ್ಡದೊಂದು ಪೆಟ್ಟಿಗೆ ಕಾಂಡೋಮ್ ಬಿಟ್ಟುಹೋದರು. ಮ್ಯಾನೇಜರು "ಸ್ಟೋರ್ಸಲ್ಲಿಡಿ, ಕೇಳಿದೋರಿಗೆ ಕೊಡಿ" ಎಂದು ಕೈ ತೊಳೆದುಕೊಂಡರು. ಕೌಂಟರಿನ ಮೇಲಿಡೋಣವೆಂದರೆ ಪ್ಯಾಕಿಂಗಿನ ಹೆಂಗಸರು ಟೇಪು ಕೇಳಿಕೊಂಡು ದಿನಕ್ಕೆ ಹತ್ತು ಸಲ ಬರುತ್ತಾರೆ. ಅವರಲ್ಲಿ ಹಿರಿಯಳಾದ ಜಯಮ್ಮನ ಕಣ್ಣಿಗೆ ಬೀಳದ ವಸ್ತುವೇ ಇಲ್ಲ. ಕೆಳಗಿಡೋಣವೆಂದರೆ ಇಲಿ ಕಾಟ. ಕೊನೆಗೆ ಬಾಯ್ಲರ್ ರೂಮಿಗೆ ತಾಗಿದ ಗೋಡೆಯಲ್ಲಿ, ತಗಡಿನ ಚಾವಣಿಯ ಕೆಳಗೇ ಇದ್ದ ಮೇಲಿನ ಹಲಗೆಗೆ ಅದನ್ನು ಏರಿಸಿದೆ. ಅಲ್ಲಿನ ಕಾವಿಗೆ ಇಲಿಯೂ ಸುಳಿಯುತ್ತಿರಲಿಲ್ಲ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಎರಡು ಬೇಸಿಗೆ ಕಳೆದವು. ಕೇಳಿದವರಿಗೆ ಏಣಿ ಹತ್ತಿ, ಮುಖ ನೋಡದೆ, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದೆ. ಹೆಸರು ಬರೆದುಕೊಳ್ಳುವ ಮಾತೇ ಇರಲಿಲ್ಲ.

ಒಂದು ಮಧ್ಯಾಹ್ನ ಫಿಟ್ಟರ್ ಸಿದ್ದರಾಜು ಬಂದು ಕೌಂಟರಿಗೆ ಒರಗಿ ನಿಂತ. ಕನಕಪುರದ ಕಡೆಯ ಆಸಾಮಿ. ಬಾಣಂತನಕ್ಕೆಂದು ಹೆಂಡತಿ ಚನ್ನಪಟ್ಟಣದ ತವರಿಗೆ ಹೋಗಿ ಐದು ತಿಂಗಳಾಗಿತ್ತು.

"ಏನ್ಲಾ ಬೇಕು?"

"ಏನೂ ಬ್ಯಾಡ ಕಣಣ್ಣ. ಅದು ಹರ್ದೋಯ್ತು. ಅದೇ, ನೀನು ಕಾಗ್ದದಲ್ಲಿ ಸುತ್ತಿ ಕೊಟ್ಟಿದ್ಯಲ್ಲ."

ಹತ್ತು ದಿನದ ಹಿಂದೆ ಬೆಂಗಳೂರಿಗೆ ಹೋಗಿದ್ದವನು ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳ ಜೊತೆ ಇದ್ದು ಬಂದಿದ್ದ. ಅಂದಿನಿಂದ ನಿದ್ದೆ ಇಲ್ಲ. ಬರುವ ಸೋಮವಾರ ಹೆಂಡತಿ, ಮಗು ಮನೆಗೆ ಬರುವವರಿದ್ದರು. "ನಂಗೇನಾರ ಆಗ್ಲಿ ಕಣಣ್ಣ. ಅವ್ಳಿಗೆ ಅಂಟಿಸ್ಬುಟ್ರೆ?" ಎಂದು ಕಣ್ಣೊರೆಸಿಕೊಂಡ.

ನನಗೆ ರೇಗಿಹೋಯಿತು. "ಬುದ್ಧಿ ಐತೇನ್ಲಾ ನಿಂಗೆ? ಹಾಲು ಕುಡಿಯೋ ಕೂಸೈತೆ ಮನೇಲಿ. ಒಂದು ವಸ್ತು ಕೊಟ್ರೆ ನೆಟ್ಟಗೆ ಇಟ್ಕೊಳ್ಳೋ ಯೋಗ್ಯತೆ ಇಲ್ವಾ?" ಎಂದು ಅರ್ಧ ಗಂಟೆ ಝಾಡಿಸಿದೆ. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ.

ಪರೀಕ್ಷೆಗೆ ಕರೆದರೆ ಅದೊಂದು ಫಜೀತಿ. ಕನಕಪುರದ ಆಸ್ಪತ್ರೆಯಲ್ಲಿ ಅವನ ದೊಡ್ಡಪ್ಪನ ಮಗ ಕಾಂಪೌಂಡರ್. ಚನ್ನಪಟ್ಟಣ ಮಾವನ ಊರು. ರಾಮನಗರದಲ್ಲಿ ನಾದಿನಿ ನರ್ಸು. ಉಳಿದದ್ದು ಮಾಗಡಿ. ಒಬ್ಬನೇ ಹೋಗಲು ಧೈರ್ಯವಿಲ್ಲವೆಂದು ನನ್ನ ರಜೆಯನ್ನೂ ಹಾಳುಮಾಡಿದ. ಬಸ್ಸು ಬದಲಾಯಿಸುತ್ತ, ದಾರಿಯುದ್ದಕ್ಕೂ ಬೈಯುತ್ತ ಕರೆದುಕೊಂಡು ಹೋದೆ.

ಅಲ್ಲಿನ ಆಸ್ಪತ್ರೆಯಲ್ಲಿ ಸಲಹೆ ಕೊಡುತ್ತಿದ್ದಾಕೆಗೆ ನನ್ನ ತಂಗಿಯ ವಯಸ್ಸು. ನಾವಿಬ್ಬರೂ ನೆಲ ನೋಡುತ್ತ ಕುಳಿತೆವು. ಆಕೆ ನೇರವಾಗಿ ಹೇಳಿದರು: "ಮೂರು ದಿನದೊಳಗೆ ಬಂದಿದ್ದರೆ ಔಷಧಿ ಬಗ್ಗೆ ಡಾಕ್ಟರನ್ನ ಕೇಳಬಹುದಿತ್ತು. ಇವತ್ತು ರಕ್ತ ನೋಡ್ತೀವಿ, ಆದರೆ ಎಚ್‌ಐವಿ ಇಲ್ಲ ಅಂತ ಇವತ್ತೇ ಹೇಳಕ್ಕಾಗಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ. ಹುಣ್ಣು, ಉರಿಮೂತ್ರ ಏನಾದರೂ ಕಂಡರೆ ಅವತ್ತೇ ಬನ್ನಿ. ಅಲ್ಲೀವರೆಗೂ ಹೆಂಡತಿ ಹತ್ತಿರ ಕಾಂಡೋಮ್ ಇಲ್ಲದೆ ಹೋಗಬೇಡಿ. ಆಕೆಗೂ ವಿಷಯ ಹೇಳಿದರೆ ಒಳ್ಳೇದು." ಆಮೇಲೆ ಕೇಳಿದರು: "ಅದನ್ನ ಎಲ್ಲಿಟ್ಟುಕೊಂಡಿದ್ರಿ? ಬಿಸಿ ಇರೋ ಕಡೆ ಇಟ್ಟರೆ ರಬ್ಬರ್ ಹಾಳಾಗುತ್ತೆ."

"ಅವತ್ತೇ ಸ್ಟೋರ್ಸಿಂದ ಇಸ್ಕೊಂಡಿದ್ದೆ ಮೇಡಂ. ಇವ್ರೇ ಸ್ಟೋರ್ ಕೀಪರ್ರು. ಬಲೇ ನೀಟು" ಎಂದ ಸಿದ್ದರಾಜು.

ನನಗೆ ಮೇಲಿನ ಹಲಗೆ ನೆನಪಾಯಿತು. ವಾಪಸು ಬರುವಾಗ ಬೈಯಲಿಲ್ಲ. "ಯಾಕಣ್ಣ, ಹುಷಾರಿಲ್ವಾ?" ಎಂದು ಅವನೇ ವಿಚಾರಿಸಿದ.

ಮರುದಿನ ಏಣಿ ಹತ್ತಿ ಪೆಟ್ಟಿಗೆ ಮುಟ್ಟಿದರೆ ಕೈಗೆ ಬಿಸಿ ತಟ್ಟಿತು. ಅದರಿಂದ ಇನ್ನೂ ಯಾರ್ಯಾರು ಒಯ್ದಿದ್ದರೋ. ಹೆಸರಿದ್ದಿದ್ದರೆ ಒಬ್ಬೊಬ್ಬರ ಕಿವಿಯಲ್ಲಿ ಹೇಳಿ ಮುಗಿಸಬಹುದಿತ್ತು. ಈಗ ಕ್ಯಾಂಟೀನಿನಲ್ಲಿ ಎಲ್ಲರೆದುರು ನಿಲ್ಲದೆ ಬೇರೆ ದಾರಿಯಿರಲಿಲ್ಲ. "ಸ್ಟೋರ್ಸಿಂದ ಅದನ್ನ... ಆ ವಸ್ತುನ ತಗೊಂಡಿರೋರು..." ಎಂದು ತಡವರಿಸಿದೆ.

"ಕಾಂಡೋಮ್ ತಾನೇ ಸಾಮಿ?" ಎಂದಳು ಜಯಮ್ಮ, ಮುದ್ದೆ ಮುರಿಯುತ್ತ. "ಒಸಿ ಗಟ್ಟಿಯಾಗಿ ಯೋಳಿ. ಹಿಂದ್ಲೋರ್ಗೆ ಕೇಳಿಸ್ತಿಲ್ಲ."

ಗಟ್ಟಿಯಾಗಿ ಹೇಳಿದೆ. ಎಲ್ಲಿಟ್ಟಿದ್ದೆ, ಯಾಕಿಟ್ಟಿದ್ದೆ ಎಂಬುದನ್ನೂ ಹೇಳಿದೆ. ಉಳಿದದ್ದನ್ನು ಬಿಸಾಡಿ, ಹೆದರಿಕೆಯಿದ್ದವರು ಪರೀಕ್ಷೆ ಮಾಡಿಸಿಕೊಳ್ಳಿ ಎಂದೆ. ಸಿದ್ದರಾಜು ತಟ್ಟೆ ಬಿಟ್ಟು ಎದ್ದುಹೋದ.

ಸೋಮವಾರ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದನಂತೆ. ಅವಳು ಮರುದಿನದ ಬಸ್ಸಿಗೇ ಮಗು ಎತ್ತಿಕೊಂಡು ತವರಿಗೆ ಹೊರಟಳು. "ರಿಪೋರ್ಟ್ ತಕ್ಕಂಡು ಬಾ, ಆಮ್ಯಾಲೆ ಮಾತು" ಎಂದಳಂತೆ. ಮೂರು ತಿಂಗಳು ಅವನು ನನ್ನ ಜೊತೆ ಮಾತಾಡಲಿಲ್ಲ. ಗ್ಲೌಸಿಗೂ ಬೇರೆಯವರನ್ನು ಕಳಿಸುತ್ತಿದ್ದ. ಗಡುವು ಮುಗಿದ ದಿನ ಬಂದು ಕೌಂಟರಿಗೆ ಒರಗಿ ನಿಂತು, "ಒಬ್ನೇ ಹೋಗಕ್ಕಾಗಲ್ಲ, ಬಾ" ಎಂದಷ್ಟೇ ಹೇಳಿದ.

ಮಾಗಡಿಯಲ್ಲಿ ಆ ಮೇಡಂ ಸೋಂಕಿಲ್ಲ ಎಂದಾಗ ಅವನು ನಿಂತೇ ಇದ್ದ. ಬೆಂಚಿನ ಮೇಲೆ ಕುಳಿತುಬಿಟ್ಟವನು ನಾನು. ಬಸ್‌ಸ್ಟ್ಯಾಂಡಿನಲ್ಲಿ ಅವನು ನಮ್ಮ ಬಸ್ಸು ಹತ್ತಲಿಲ್ಲ. ಚನ್ನಪಟ್ಟಣದ ದಾರಿಯ ಬಸ್ಸಿನ ಮೆಟ್ಟಿಲಲ್ಲಿ ನಿಂತು, ರಿಪೋರ್ಟನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ.

"ಹುಷಾರು ಕಣ್ಲಾ, ಬೆವರಿಗೆ ನೆನೆದೋಗುತ್ತೆ, ಪ್ಲಾಸ್ಟಿಕ್‌ನಲ್ಲಿ ಸುತ್ತಿ..." ಎಂದು ನಾನು ಶುರುಮಾಡಿದ್ದೆ.

"ಬುದ್ಧಿ ಐತೇನಣ್ಣ ನಿಂಗೆ?" ಎಂದ. ಬಸ್ಸು ಹೊರಟಿತು.